ಬೆಂಡಿನ ವಿಮಾನ, ಗೆರಟೆಯ ನೀರು

ಕಳೆದ ತಿಂಗಳು ಬಿಜೈಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಗೆದ್ದಲು ಹಿಡಿದ ಬಾಗಿಲ ದಾರಂದಕ್ಕೆ ಗೇರೆಣ್ಣೆ ಬಳಿಸಿದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ಘಾಟು ಎಂಥವರನ್ನೂ ಮನೆಯಿಂದ ಓಡಿಸುವಂಥದ್ದು. ಸೊಸೆ ಕಿಟಕಿಗಳನ್ನೆಲ್ಲ ಮುಚ್ಚಿದಳು. ನಾನು ಮಾತ್ರ ಏನೋ ನೆಪ ಹೇಳಿ, ಮೆಟ್ಟಿಲ ಬಳಿ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನವಿಡೀ ಅಲ್ಲೇ ಕೂತೆ. "ಅಮ್ಮಾ, ತಲೆನೋವು ಬರ್ತದೆ, ಒಳಗೆ ಬನ್ನಿ" ಎಂದು ಅವಳು ಎರಡು ಸಲ ಕರೆದಳು. ಬರಲಿ ಬಿಡು ಎಂದೆ. ಆ ಘಾಟಿನೊಳಗೆ ಬೋಳೂರು ಹೊಳೆಬದಿಯ ನಮ್ಮ ಮನೆ ಇತ್ತು, ಮಗುಚಿ ಹಾಕಿದ ದೋಣಿ ಇತ್ತು. ದೋಣಿಗೆ ಬಳಿದು ಉಳಿದ ಗೇರೆಣ್ಣೆಯನ್ನು ತೆಂಗಿನ ಗೆರಟೆಯಲ್ಲಿ ಹಿಡಿದುಕೊಂಡು, ಮೊಳಕ್ಕಿಂತಲೂ ಚಿಕ್ಕದೊಂದು ವಿಮಾನಕ್ಕೆ ಬಳಿಯುತ್ತಾ ಕೂತ ಸಂಜೀವ ಮಾವ ಇದ್ದರು. ಎದ್ದು ಒಳಗೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಸಂಜೀವ ಮಾವ ನನ್ನ ಅಮ್ಮನ ತಮ್ಮ. ಅದು ಅಜ್ಜಿಯ ಮನೆ. ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಉಳಿಯುವುದು ನಮ್ಮ ಕಡಲಮಕ್ಕಳಲ್ಲಿ ವಾಡಿಕೆ. ಅಪ್ಪ ಮಲ್ಪೆಯ ದೋಣಿಗಳಲ್ಲಿ ಕೆಲಸಕ್ಕಿದ್ದು ಆಗಾಗ ಬಂದು ಹೋಗುತ್ತಿದ್ದರು. ಹೆಣೆದ ತೆಂಗಿನ ಮಡಲು ಹೊದೆಸಿದ ಮಾಡು, ಮಣ್ಣಿನ ಗೋಡೆ. ಪಡುಬದಿಗೆ, ಹೊಳೆಯ ಕಡೆ, ಕಿಟಕಿಯಿಲ್ಲದ ಬಲೆಕೋಣೆ, ಮೂಡುಬದಿಗೆ ಅಡುಗೆಮನೆ. ಓದುಗರು ಈ ಎರಡು ದಿಕ್ಕುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ನನ್ನ ಬಾಲ್ಯ ಅವುಗಳ ನಡುವೆಯೇ ಸಿಕ್ಕಿಕೊಂಡಿತ್ತು. ಅಜ್ಜಿಯ ಒಲೆ ಎಂದೂ ಆರುತ್ತಿರಲಿಲ್ಲ. ಬೆಳಗಿನ ಗಂಜಿ ಇಳಿಸಿದ ಮೇಲೆ ಅವಳು ಕೆಂಡಗಳನ್ನು ಒಂದೆಡೆ ಗುಡ್ಡೆ ಮಾಡಿ, ಮೇಲೆ ಬೂದಿ ಮುಚ್ಚಿ, ಮಗುವಿನ ಬೆನ್ನು ತಟ್ಟಿದ ಹಾಗೆ ಸಟ್ಟುಗದಿಂದ ಮೆಲ್ಲಗೆ ತಟ್ಟಿ, ಮೀನಿನ ಬುಟ್ಟಿ ಹೊತ್ತು ಫಳ್ನೀರಿನ ಮನೆಗಳಿಗೆ ಹೊರಡುತ್ತಿದ್ದಳು. ಸಂಜೆ ಬಂದು ಬೂದಿ ಸರಿಸಿ ಊದಿದರೆ ಸಾಕು, ಬೆಂಕಿ ಎದ್ದು ಕೂರುತ್ತಿತ್ತು. ನೆರೆಯ ಹೆಂಗಸರು ತೆಂಗಿನ ಸಿಪ್ಪೆ ಹಿಡಿದು ಕೆಂಡಕ್ಕೆ ಬರುತ್ತಿದ್ದರು. "ಬೆಂಕಿಪೆಟ್ಟಿಗೆ ಎಂತಕ್ಕೆ ನಿಮಗೆ, ನಾನಿಲ್ವಾ?" ಎನ್ನುವುದು ಅವಳ ಜಂಬ. ಆ ಜಂಬ ಅವಳಿಗೆ ಒಪ್ಪುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಗೆಯಲ್ಲಿ ಆ ಮನೆ ಸುಟ್ಟುಹೋಯಿತು. ನನಗಾಗ ಒಂಬತ್ತು ವರ್ಷ. ಮಧ್ಯಾಹ್ನ ಮೀರಿತ್ತು, ಪಡುಗಾಳಿ ಎದ್ದಿತ್ತು. ಅಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು, ಮಾವ ಅಳಿವೆ ದಾಟಿ ಕಡಲಲ್ಲಿದ್ದರು. ನಮ್ಮ ಬೆಕ್ಕು ಬಲೆಗಳ ರಾಶಿಯ ಮೇಲೆ ಮರಿ ಹಾಕಿತ್ತು. ಬಲೆಕೋಣೆಗೆ ದೀಪ ಒಯ್ಯಬಾರದೆಂದು ಅಜ್ಜಿ ಸಾವಿರ ಸಲ ಹೇಳಿದ್ದಳು. ಹಗಲಲ್ಲೂ ಕಣ್ಣು ಕಾಣದ ಆ ಕೋಣೆಗೆ ಮರಿಗಳನ್ನು ನೋಡಲು ನಾನು ಚಿಮಿಣಿ ದೀಪ ಹಿಡಿದುಕೊಂಡೇ ಹೋದೆ. ಬೆಕ್ಕು ಮುಖಕ್ಕೇ ಹಾರಿತು, ದೀಪ ಕೈ ಜಾರಿತು. ಹತ್ತಿನೂಲಿನ ಒಣ ಬಲೆಗಳಿಗೆ ಎಷ್ಟು ಹೊತ್ತು ಬೇಕು? ಮರಿಗಳು ಅಲ್ಲಿರಲೇ ಇಲ್ಲ, ತಾಯಿ ಹಿಂದಿನ ದಿನವೇ ಅವನ್ನು ಬೇರೆ ಕಡೆ ಸಾಗಿಸಿತ್ತು ಎಂದು ಆಮೇಲೆ ತಿಳಿಯಿತು. ನೆರೆಯವರು ಓಡಿ ಬಂದು ಅಡುಗೆಮನೆಯಿಂದ ಅಕ್ಕಿಮುಡಿಯನ್ನೂ ನಾಲ್ಕು ಪಾತ್ರೆಗಳನ್ನೂ ಎಳೆದು ಹೊರಗೆ ಹಾಕಿದರು. ಅಷ್ಟೇ ಉಳಿದದ್ದು. ಅಜ್ಜಿ ಬಂದಾಗ ಬರೀ ಗೋಡೆ ನಿಂತಿತ್ತು. ಯಾರೂ ಏನೂ ಕೇಳುವ ಮೊದಲೇ ಅವಳು ಬುಟ್ಟಿ ಕೆಳಗಿಟ್ಟು ಎದೆಗೆ ಕೈ ಹಚ್ಚಿ, "ನಾನೇ, ನಾನೇ. ಇವತ್ತು ಕೆಂಡ ಸರಿ ಮುಚ್ಚಲಿಲ್ಲ" ಎಂದಳು. ಆ ಮಾತು ಸಿಕ್ಕಿದ್ದೇ ನಾನು ಅದರ ಹಿಂದೆ ಅಡಗಿ ಕೂತೆ.

ಅದೇ ಅಡಿಪಾಯದ ಮೇಲೆ ಮತ್ತೆ ಮನೆ ಎದ್ದಿತು, ಮಡಲಿನದೇ. ಆದರೆ ಅಜ್ಜಿ ಒಲೆ ಮುಟ್ಟಲಿಲ್ಲ. ಮೀನು ಮಾರಿ ಬಂದು ಜಗಲಿಯಲ್ಲಿ ಕೂರುವಳು, ಅಮ್ಮ ಬಡಿಸಿದ್ದನ್ನು ಉಣ್ಣುವಳು, ಅಷ್ಟೇ. ಬಂಗುಡೆ ಮೀನಿಗೆ ಖಾರ ಎಷ್ಟು ಅರೆಯಬೇಕೆಂದು ಕೇಳಿದರೂ, "ನನ್ನ ಕೈಗೆ ಬೆಂಕಿ ಬೇಡ" ಎಂದು ಮುಖ ತಿರುಗಿಸುವಳು. ಕೆಂಡಕ್ಕೆ ಬರುತ್ತಿದ್ದ ಹೆಂಗಸರು ಬೆಂಕಿಪೆಟ್ಟಿಗೆ ಕೊಂಡರು. ಇದನ್ನೆಲ್ಲ ನಾನು ದಿನಾ ನೋಡುತ್ತಿದ್ದೆ, ಉಣ್ಣುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮಾವನ ತಲೆಗೆ ಹೊಕ್ಕ ಹುಳುವೇ ಬೇರೆ. ಆ ದಿನ ಅವರು ಕಡಲಿನಿಂದಲೇ ಹೊಗೆ ನೋಡಿದ್ದರಂತೆ. ದೋಣಿ ತಿರುಗಿಸಿ ಹುಟ್ಟು ಹಾಕುತ್ತಿರುವಾಗ ತಲೆಯ ಮೇಲೆ ಬಜ್ಪೆಯ ವಿಮಾನ ಹಾದುಹೋಯಿತು. "ಕೆಳಗೆ ನೋಡಿದರೆ ಕಡಲು ಪೂರ್ತಿ ನೀರು, ಮೇಲೆ ನೋಡಿದರೆ ವಿಮಾನ. ಅದೊಮ್ಮೆ ಕೆಳಗೆ ಬಂದು ಹೊಟ್ಟೆ ತುಂಬ ನೀರು ಮೊಗೆದುಕೊಂಡು ಹೋಗಿದ್ದರೆ ಎಂತ ಆಗ್ತಿತ್ತು ಅದಕ್ಕೆ?" ಎಂದು ಆ ವಿಮಾನದ ಮೇಲೆ ಸಿಟ್ಟೇ ಮಾಡುತ್ತಿದ್ದರು. ಅಂಥ ವಿಮಾನ ಲೋಕದಲ್ಲಿ ಎಲ್ಲಾದರೂ ಉಂಟೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇಲ್ಲದಿದ್ದರೆ ಮಾಡಿದರಾಯಿತು ಎಂಬುದು ಮಾವನ ಲೆಕ್ಕ.

ಮಾವ ಅಳತೆಯ ಮನುಷ್ಯ. ಒಂದು ಭಾನುವಾರ ನನ್ನನ್ನು ಬಜ್ಪೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಬೇಲಿಯ ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ವಿಮಾನ ಬಂದು ನಿಂತಿತು. ಅದರ ಕೆಳಗೆ ಖಾಕಿ ತೊಟ್ಟ ಒಬ್ಬ ನಡೆಯುತ್ತಿದ್ದ. ಮಾವ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳಿನಿಂದ ಆ ಮನುಷ್ಯನ ಎತ್ತರ ಹಿಡಿದುಕೊಂಡು ವಿಮಾನದುದ್ದಕ್ಕೂ ಎಣಿಸಿದರು. ಎರಡು ಕೈ ಚಾಚಿದಷ್ಟು ಒಂದು ಮಾರು, ಮನುಷ್ಯನ ಎತ್ತರವೂ ಅಷ್ಟೇ. ಕಡಲಿನ ಆಳ ಅಳೆಯುವುದೂ ಅದರಲ್ಲೇ. "ಹನ್ನೊಂದು ಮಾರು ಉದ್ದ, ಹದಿನಾರು ಮಾರು ರೆಕ್ಕೆ. ನೆನಪಿಟ್ಟುಕೋ ಮಾರಾಯ್ತಿ" ಎಂದರು. ಮಾರಿಗೆ ಒಂದು ಅಂಗುಲದಂತೆ ನಮ್ಮ ವಿಮಾನ ಹನ್ನೊಂದು ಅಂಗುಲದ್ದಾಯಿತು. ಬಲೆ ತೇಲಿಸುವ ಹಗುರ ಮರದ ಬೆಂಡಿನಲ್ಲಿ ಒಡಲು, ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ರೆಕ್ಕೆ, ಹೊಟ್ಟೆಗೆ ಗೆರಟೆ, ಗೆರಟೆಯ ಬಾಯಿಗೆ ಹಗ್ಗ ಎಳೆದರೆ ತೆರೆಯುವ ಮುಚ್ಚಳ. ನೀರಿನ ಮೇಲೆ ಇಳಿಯಬೇಕಾದ್ದರಿಂದ ತಳಕ್ಕೆ ದೋಣಿಯ ಆಕಾರ. ಮೊದಲನೆಯದಕ್ಕೆ ಅಂಜಲ್ ಎಂದು ಮೀನಿನ ಹೆಸರಿಟ್ಟರು. ಎರಡನೆಯದು ಮಾಂಜಿ. ಮೂರನೆಯದನ್ನು ತೊರಕೆ ಮೀನಿನ ಹಾಗೆ ಚಪ್ಪಟೆ ಮಾಡಿದರು, ಅದು ಮಾತ್ರ ಎಷ್ಟು ಮಾಡಿದರೂ ಮೂಗು ಮೇಲೆತ್ತಲಿಲ್ಲ.

ವಿಮಾನ ಅಂಗುಲದ್ದಾದರೆ ಬೆಂಕಿಯೂ ಅಂಗುಲದ್ದೇ ಆಗಬೇಕಲ್ಲ. ಸುಡುವ ಮನೆ ಕಟ್ಟುವ ಕೆಲಸ ನನ್ನದಾಯಿತು. ಹೊಳೆಬದಿಯ ಮರಳಿನ ಮೇಲೆ ನಮ್ಮದೇ ಹಳೇ ಮನೆ, ಎರಡು ಅಂಗುಲ ಎತ್ತರಕ್ಕೆ. ಒಣಗಿದ ತೆಂಗಿನ ಗರಿ ಸೀಳಿ ಹೆಣೆದ ಮಾಡು, ಒಳಗೆ ಜೇಡಿಮಣ್ಣಿನ ಪುಟ್ಟ ಒಲೆ, ಪಡುಬದಿಯ ಬಲೆಕೋಣೆಯಲ್ಲಿ ಹಳೇ ಬಲೆಯ ಚೂರು. ಎರಡು ತೆಂಗಿನ ಮರಗಳ ನಡುವೆ ಇಳಿಜಾರಾಗಿ ಹಗ್ಗ ಕಟ್ಟಿ ಅದರ ಮೇಲೆ ವಿಮಾನ ಜಾರಿಸುವುದು, ಮನೆಯ ಮೇಲೆ ಬಂದ ಕೂಡಲೇ ಮುಚ್ಚಳ ಎಳೆಯುವುದು. ಮೊದಲ ಸಲ ಗೆರಟೆಯ ನೀರು ಧೊಪ್ಪನೆ ಒಟ್ಟಿಗೇ ಬಿದ್ದು ಬೆಂಕಿಯ ಜೊತೆ ಮನೆಯೂ ಮುದ್ದೆಯಾಯಿತು. ಮಾವ ಗೆರಟೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದರು, ನೀರು ಮಳೆಯಂತೆ ಹನಿಯಿತು. ಜನ್ಮವಿಡೀ ನೀರು ಬಿಟ್ಟು ಮೀನು ಹಿಡಿದ ಬಲೆ, ಈಗ ನೀರಿಗೇ ಬೇಕಾಯಿತು ಎಂದು ನಕ್ಕರು. ಜಗಲಿಯಲ್ಲಿದ್ದ ಅಜ್ಜಿ ಆ ದಿನ ಮೊದಲ ಬಾರಿಗೆ ಬಾಯಿ ಹಾಕಿದಳು. "ಅಲ್ಲ ಸಂಜೀವ, ಕಡಲಿನ ಉಪ್ಪುನೀರು ಹೊಯ್ದರೆ ಬಾವಿಯದ್ದು ಎಂತ ಗತಿ? ತೆಂಗಿನ ಬುಡದ್ದು?" ಹುಟ್ಟಿದಂದಿನಿಂದ ಉಪ್ಪುನೀರಿನಲ್ಲೇ ಇದ್ದ ಮಾವನಿಗೆ ಅದೊಂದು ಹೊಳೆದಿರಲೇ ಇಲ್ಲ. "ಹೊಳೆಯಲ್ಲಿ ಮೇಲೆ ಗುರುಪುರದ ಹತ್ತಿರ ಸಿಹಿನೀರು ಉಂಟು, ಅಲ್ಲಿಂದ ತುಂಬಿಸುವ" ಎಂದು ಕೊನೆಗೆ ಸಮಾಧಾನ ಮಾಡಿಕೊಂಡರು. ಆಮೇಲೆ ಅಜ್ಜಿ ಪ್ರತಿ ಸಲವೂ ನೋಡುತ್ತಾ ಕೂರತೊಡಗಿದಳು.

ಬೆಂಕಿ ಹಚ್ಚುವ ಮೊದಲು ಮಾವ ಕೇಳುತ್ತಿದ್ದರು, "ಎಲ್ಲಿಂದ ಹಚ್ಚುವ?" ನಾನು ಅಡುಗೆಮನೆ ತೋರಿಸುತ್ತಿದ್ದೆ. ಪಡುಗಾಳಿಗೆ ಜ್ವಾಲೆ ಮೂಡಕ್ಕೆ ವಾಲುತ್ತಿತ್ತು, ಅಡುಗೆಮನೆ ಬೂದಿಯಾದರೂ ಬಲೆಕೋಣೆ ಹಾಗೇ ನಿಂತಿರುತ್ತಿತ್ತು. ಎರಡು ಸಲ, ಮೂರು ಸಲ, ಹಾಗೆಯೇ. ಮಾವ ತಲೆ ಕೆರೆದುಕೊಂಡರು. "ಎಂತ ಇದು? ಆವತ್ತು ಬಲೆ ಒಂದೂ ಉಳಿಯಲಿಲ್ಲ, ಅಕ್ಕಿಮುಡಿ ಉಳಿಯಿತು. ಒಲೆಯಿಂದ ಹಿಡಿದ ಬೆಂಕಿಯಾದರೆ ಅಕ್ಕಿಮುಡಿಯನ್ನು ಹೇಗೆ ಎಳೆದು ತಂದರು ಮಾರಾಯ್ತಿ? ನಮ್ಮ ಅಳತೆಯಲ್ಲೇ ಎಲ್ಲೋ ತಪ್ಪುಂಟು." ಅವರು ನಿಜವಾಗಿಯೂ ಅಳತೆಯನ್ನೇ ಹುಡುಕುತ್ತಿದ್ದರೋ, ನನ್ನನ್ನು ಹುಡುಕುತ್ತಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ವಾರ ನನಗೆ ಅನ್ನ ಸೇರಲಿಲ್ಲ. ಜಗಲಿಯಲ್ಲಿ ಸುಮ್ಮನೆ ಬಿದ್ದಿರುತ್ತಿದ್ದ ಅಜ್ಜಿಯ ಕೈಗಳನ್ನು ನೋಡಲು ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಮನೆ ಕಟ್ಟಿದೆ. ಈ ಸಲ ಮಾವ ಕೇಳುವ ಮೊದಲೇ ಉರಿಯುವ ಮಡಲಕಡ್ಡಿಯನ್ನು ಬಲೆಕೋಣೆಗೆ ಹಿಡಿದೆ. ಬಲೆಯ ಚೂರು ಸುರ್ರೆಂದಿತು, ಬೆಂಕಿ ಮಾಡಿಗೆ ಏರಿತು, ಗಾಳಿ ಅದನ್ನು ಕೋಣೆಯಿಂದ ಕೋಣೆಗೆ ಮೂಡಕ್ಕೆ ದಾಟಿಸಿತು, ಕಟ್ಟಕಡೆಗೆ ಅಡುಗೆಮನೆ ಹಿಡಿಯಿತು. ಆವತ್ತು ಆದ ಹಾಗೆಯೇ. ಅಂಜಲ್ ಹಗ್ಗದ ಮೇಲೆ ಜಾರಿ ಬಂತು, ಮಾವ ಮುಚ್ಚಳ ಎಳೆಯಲೇ ಇಲ್ಲ. ತುಂಬಿದ ಗೆರಟೆಯೊಂದಿಗೆ ಅದು ಬೆಂಕಿ ದಾಟಿ ಆಚೆಯ ತೆಂಗಿಗೆ ಹೊಡೆದು ಅಲ್ಲೇ ನೀರು ಚೆಲ್ಲಿತು. ಜಗಲಿಯಿಂದ ಅಜ್ಜಿ ಇಳಿದು ಬಂದಳು. ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ನಾನು ಮಾಡಿದ ಮಣ್ಣಿನ ಒಲೆ ಸುಟ್ಟು ಕೆಂಪಗಾಗಿತ್ತು. ಅದನ್ನು ಎತ್ತಿ, ಊದಿ, ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು. ಮಾವ ಹಗ್ಗ ಸುತ್ತುತ್ತಾ, ನನ್ನ ಮುಖ ನೋಡದೆ, "ಈ ಸಲ ಅಳತೆ ಸರಿ ಬಂತು" ಎಂದರು. ಅಷ್ಟರಲ್ಲಿ ಒಳಗಿನಿಂದ ಊದುಗೊಳವೆಯ ಸದ್ದು ಕೇಳಿತು. ಅಮ್ಮ ಗಾಬರಿಯಾಗಿ ಹೊರಗೆ ಬಂದು, "ಅವಳೇ ಒಲೆಯ ಮುಂದೆ ಕೂತಿದ್ದಾಳೆ, ನನ್ನನ್ನು ಎಬ್ಬಿಸಿ ಕಳಿಸಿದಳು" ಎಂದಳು.

ಆ ಸಂಜೆ ಒಂದು ವರ್ಷದ ಮೇಲೆ ಅಜ್ಜಿಯ ಕೈಯ ಹುಳಿಖಾರದ ಬಂಗುಡೆ ಪುಳಿಮುಂಚಿ ಉಂಡೆವು. ನಾನು ಬಟ್ಟಲಿನ ಮುಂದೆ ಅಳುತ್ತಾ ಕೂತಿದ್ದೆ. ಹೇಳಬೇಕಾದ ಮಾತು ಬಾಯಿಯವರೆಗೂ ಬಂದಿತ್ತು. ಅಜ್ಜಿ ಆ ಬಾಯಿಗೆ ತುತ್ತಿಟ್ಟು, "ಉಪ್ಪು ಸರಿ ಉಂಟಾ ನೋಡು" ಎಂದಳು. ಉಂಟು ಎಂದೆ. ಮಾರನೇ ದಿನ ಅಂಜಲನ್ನು ಮಾವನ ಕೈಯಿಂದ ಕೇಳಿ ತೆಗೆದುಕೊಂಡು ಒಲೆಯ ಮೇಲಿನ ಅಡ್ಡತೊಲೆಗೆ ನೇತುಹಾಕಿದಳು.

ಅಜ್ಜಿ ಇನ್ನೂ ಆರು ವರ್ಷ ಇದ್ದಳು, ಅಷ್ಟೂ ವರ್ಷ ಒಲೆ ಆರಲಿಲ್ಲ. ಮಾವ ಮದುವೆಯಾಗಿ ಪಡೀಲಿನ ಕಡೆ ಹೋದರು, ದೋಣಿ ಬಿಟ್ಟು ಮರದ ಮಿಲ್ಲು ಸೇರಿದರು, ಅವರೂ ಹೋಗಿ ಬಹಳ ವರ್ಷವಾಯಿತು. ಮನೆಗೆ ಹಂಚು ಹೊದೆಸುವಾಗ ಮಸಿ ಹಿಡಿದ ಅಂಜಲನ್ನು ಯಾರೋ ಕೆಳಗಿಳಿಸಿ ಬಚ್ಚಲೊಲೆಗೆ ಹಾಕಿದರಂತೆ. ಬೆಂಕಿ ಆರಿಸಲು ಹುಟ್ಟಿದ್ದು ನೀರು ಕಾಯಿಸಲು ಉರಿಯಿತು, ಮಾವ ಕೇಳಿದ್ದರೆ ನಗುತ್ತಿದ್ದರು. ಈಗ ಅಲ್ಲಿ ಹಂಚೂ ಇಲ್ಲ, ಮನೆಯೂ ಇಲ್ಲ. ಯಾವುದೋ ದೇಶದಲ್ಲಿ ವಿಮಾನವೊಂದು ಕಡಲಿಗೆ ಇಳಿದು ನೀರು ಮೊಗೆದು ಉರಿಯುವ ಕಾಡಿಗೆ ಸುರಿಯುವುದನ್ನು ಮೊಮ್ಮಗಳು ಟಿವಿಯಲ್ಲಿ ತೋರಿಸಿದಾಗ, ನಾನು ಮೊದಲು ನೋಡಿದ್ದು ಅದರ ತಳವನ್ನು. ದೋಣಿಯ ಆಕಾರವೇ ಇತ್ತು. ಹೇಳಲು ಮಾವ ಇರಲಿಲ್ಲ. ಎದುರುಮನೆಯ ಗೇರೆಣ್ಣೆಯೂ ಈಗ ಒಣಗಿದೆ, ಘಾಟು ಹೋಗಿದೆ. ತುತ್ತಿನ ಜೊತೆ ನುಂಗಿದ ಮಾತನ್ನು ಆ ಘಾಟು ಹೋಗುವ ಮೊದಲೇ ಬರೆಯಬೇಕೆಂದು ಕೂತೆ, ತಡವಾಯಿತು. ಆದರೂ ಹೇಳುತ್ತೇನೆ: ಆ ದಿನ ನೀನು ಕೆಂಡ ಸರಿಯಾಗಿಯೇ ಮುಚ್ಚಿದ್ದಿ, ಅಜ್ಜಿ.