ಹತ್ತು ಪುಟದ ವಾದ

ನಮ್ಮ ಸೀನಿಯರ್ ಮೇಡಂ ಕುತ್ತಿಗೆಯಲ್ಲಿ, ವಕೀಲರ ಬಿಳಿ ಪಟ್ಟಿಯ ಮೇಲಂಚಿನಿಂದ ಕಿವಿಯ ಬುಡದವರೆಗೆ, ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ಅದನ್ನು ಅವರು ಮುಚ್ಚಿಕೊಂಡವರಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಉಳಿದದ್ದು ಪಿಸುದನಿ ಮಾತ್ರ. ಮೊದಲೆಲ್ಲ ಅವರು ಶಿರಸಿ ಕೋರ್ಟಿನಲ್ಲಿ ವಾದಕ್ಕೆ ನಿಂತರೆ ಹೊರಗೆ ಚಹಾ ಕುಡಿಯುವವರಿಗೂ ಕೇಳುತ್ತಿತ್ತಂತೆ. ನಾನು ಜೂನಿಯರ್ ಆಗಿ ಸೇರಿದ್ದು ಆ ದನಿ ಹೋದ ಮೇಲೆ.

ಇಸಳೂರಿನಿಂದ ಬೈಕಿನಲ್ಲಿ ಬರುತ್ತಿದ್ದ ನಾನು ತಡ ಮಾಡಿದರೆ ಮೇಡಂ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ನಿಧಾನಕ್ಕೆ ಒರೆಸುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಆಗ ಅವರ ಕೈಯಲ್ಲಿ ಇಡಗುಂದಿ ಕಡೆಯ ಹೆಂಗಸೊಬ್ಬಳ ದಾವೆಯಿತ್ತು, ಯಲ್ಲಾಪುರ ಕೋರ್ಟಿನಲ್ಲಿ. ಅವಳ ಮನೆಗೆ ಹೋಗುವ ಗಾಡಿದಾರಿಗೆ ಪಕ್ಕದ ಜಮೀನಿನವನು ಬೇಲಿ ಹಾಕಿದ್ದ. ಅವಳ ಗಂಡ ಟೆಂಪೋ ಓಡಿಸುತ್ತಿದ್ದವನು. ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಗೆ ಒಯ್ಯಬೇಕಾದಾಗಲೆಲ್ಲ ಅವನನ್ನು ಕಂಬಳಿಯಲ್ಲಿ ಹೊತ್ತು ಹಳ್ಳ ದಾಟಿಸಬೇಕಿತ್ತು.

ಮೇಡಂ ಸ್ಥಿತಿ ನೋಡಿ ಯಲ್ಲಾಪುರದ ನ್ಯಾಯಾಧೀಶರು ವಾದವನ್ನು ಬರೆದು ಸಲ್ಲಿಸಲು ಒಪ್ಪಿದರು. ಆದರೆ ಹತ್ತು ಪುಟ ಮೀರುವಂತಿರಲಿಲ್ಲ. ಕೇಸನ್ನು ಬೇರೆಯವರಿಗೆ ವಹಿಸಿ ಎಂದು ಜೊತೆಯ ವಕೀಲರು ಹೇಳಿದರು.

"ಗಂಟಲು ಹೋಗಿದ್ದು ನಂದು. ಅವಳ ಕೇಸು ಎಂತಕ್ಕೆ ಬಿಡೂದು?" ಎಂದರು ಮೇಡಂ.

ಕರಡು ಬರೆಯುವ ಕೆಲಸ ನನಗೆ ಬಿತ್ತು. ಹಳೆಯ ತೀರ್ಪುಗಳನ್ನೆಲ್ಲ ಹುಡುಕಿ ತುಂಬಿದೆ. ಮೂವತ್ತು ಪುಟ ದಾಟಿತು. "ಇನ್ನಷ್ಟು ಪುಟಕ್ಕೆ ಅರ್ಜಿ ಹಾಕೋಣ ಮೇಡಂ" ಎಂದೆ. ಅವರು ಇಡೀ ಕರಡನ್ನು ಓದಿ ಮೇಜಿನ ಮೇಲಿಟ್ಟರು.

"ಎಲ್ಲ ಕೋರ್ಟಿನ ಸುದ್ದಿನೂ ಇದ್ದು ಇದ್ರಲ್ಲಿ. ಆ ಹೆಂಗಸು ಎಲ್ಲಿದ್ದಾಳೋ ಮಾರಾಯ?"

ಮರುದಿನದಿಂದ ಪುಟ ಕಡಿಯಲು ಕೂತೆವು. ನನ್ನ ಕರಡಿನ ನಡುವೆಲ್ಲೋ ಹುದುಗಿದ್ದ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ತನ್ನ ಅಪ್ಪನ ಕಾಲದಿಂದಲೂ ಆ ಹೆಂಗಸಿನ ಮನೆಯವರ ಗಾಡಿ ಅಲ್ಲೇ ಹೋಗುತ್ತಿತ್ತೆಂದು, ಯಾರೂ ತಡೆದಿರಲಿಲ್ಲವೆಂದು, ಪಾಟೀಸವಾಲಿನಲ್ಲಿ ಬೇಲಿ ಹಾಕಿದವನೇ ಒಪ್ಪಿದ್ದ. ಮೇಡಂ ಅದನ್ನು ಮೊದಲ ಪುಟಕ್ಕೆ ತಂದರು. ನನಗೆ ಬಹಳ ಪ್ರಿಯವಾಗಿದ್ದ ತೀರ್ಪುಗಳ ಮೇಲೆ ಗೀಟು ಎಳೆದರು. ನಾನು ಮುಖ ಸಣ್ಣದು ಮಾಡಿದರೆ, "ಬರ್ದಿದ್ದು ನಮ್ಮ ಸಮಾಧಾನಕ್ಕಾ, ಅವಳ ದಾರಿಗಾ?" ಎಂದು ಕೇಳುತ್ತಿದ್ದರು. ಔಷಧಿಯ ಆಯಾಸಕ್ಕೆ ಕಣ್ಣು ಮುಚ್ಚಿಕೊಂಡೇ ಮುಂದಿನ ವಾಕ್ಯ ಹೇಳುತ್ತಿದ್ದರು. ಕೊನೆಗೆ ಒಂಬತ್ತೇ ಪುಟವಾಯಿತು. ಉಳಿದ ಪುಟವನ್ನು ತುಂಬಿಸೋಣವೆಂದರೆ ಒಪ್ಪಲಿಲ್ಲ.

ವಾದದ ದಿನ ಎದುರಿನ ವಕೀಲರು ಬಹಳ ಹೊತ್ತು ಮಾತಾಡಿದರು. ಅವರು ಕೂತ ಮೇಲೆ ನ್ಯಾಯಾಧೀಶರು ನಮ್ಮ ಕಡೆ ತಿರುಗಿ, "ಹಳ್ಳದ ಕಡೆಯಿಂದ ಇನ್ನೊಂದು ದಾರಿ ಇದೆಯಂತಲ್ಲ?" ಎಂದರು.

ನಾನು ಏಳುವಷ್ಟರಲ್ಲಿ ಮೇಡಂ ಎದ್ದು ನಿಂತಿದ್ದರು. ಫ್ಯಾನು ನಿಲ್ಲಿಸುವಂತೆ ನ್ಯಾಯಾಧೀಶರು ಸನ್ನೆ ಮಾಡಿದರು. ಇಡೀ ಕೋರ್ಟು ಕಿವಿಯಾಯಿತು.

"ಇದೆ ಸ್ವಾಮಿ, ನಡೆಯುವವರಿಗೆ."

ಬೇಲಿ ತೆಗೆಸುವಂತೆ ಆದೇಶವಾಯಿತು. ಕೇಳಿ ಆ ಹೆಂಗಸು ಅಳಲಿಲ್ಲ. "ಇವತ್ತೇ ತೆಗೀತಾರಾ ವಕೀಲಮ್ಮಾರೇ?" ಎಂದಳು.

ಮುಂದಿನ ಬೇಸಿಗೆ ಮೇಡಂ ತೀರಿಕೊಂಡರು. ನಾನು ಇಂದು ಬರೆಯುವ ಒಂದೊಂದು ವಾಕ್ಯವೂ ಅವರು ಕಲಿಸಿದ್ದು. ಅವರು ತೀರಿಕೊಂಡ ದಿನ ಮನೆಯೆದುರು ವಕೀಲರು ಗುಂಪುಗೂಡಿ ನಿಂತಿದ್ದಾಗ ಆಟೋ ಒಂದು ಬಂದು ನಿಂತಿತು. ಒಳಗೆ ಇಡಗುಂದಿಯ ಆ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ಅವನನ್ನು ಇಳಿಸಿಕೊಳ್ಳಲು ನಾವೆಲ್ಲ ಮುಂದಾದೆವು.

"ನಮ್ಮನೆ ಬಾಗ್ಲಲ್ಲೇ ಆಟೋ ಹತ್ತಿದ್ದು" ಎಂದ ಅವನು.