ಗಣಿಬಾವಿಗೆ ಇಳಿಬಿಟ್ಟ ಕೇಬಲ್ಲು

ಯುದ್ಧದ ಕಾಲ. ಮಳವಳ್ಳಿಯಿಂದಾಚೆ ಗುಡ್ಡದ ತಪ್ಪಲಲ್ಲಿ ಎಂದೋ ಮುಚ್ಚಿಹೋಗಿದ್ದ ಒಂದು ಗಣಿಯನ್ನು ಮತ್ತೆ ತೆರೆಯುತ್ತಿದ್ದರು. ಗಣಿಯ ಬಾವಿ ಬಲು ಆಳ, ತಳದಲ್ಲಿ ನೀರು ನಿಂತಿತ್ತು. ನೀರೆತ್ತಲು ಕೆಳಗೇ ಪಂಪು ಕೂರಿಸಬೇಕು, ಅದಕ್ಕೆ ಮೇಲಿನಿಂದ ಕರೆಂಟು ಇಳಿಸಬೇಕು. ಶಿವನಸಮುದ್ರದ ಕರೆಂಟು ಗುಡ್ಡದ ಬುಡದವರೆಗೆ ಕಂಬಗಳ ಮೇಲೆ ಬಂದಿತ್ತು. ಅಲ್ಲಿಂದ ಮುಂದಿನ ಕೆಲಸ ಮಂಡ್ಯದ ನಮ್ಮ ಕಂಟ್ರಾಕ್ಟರರಿಗೆ ಸಿಕ್ಕಿತು. ಅವರು ಅದನ್ನು ನನ್ನ ತಲೆಗೆ ಕಟ್ಟಿದರು.

ನಾನು ಕೆರಗೋಡಿನ ಕಡೆಯವನು, ಬೇಸಾಯದ ಮನೆಯಲ್ಲಿ ಹುಟ್ಟಿ ಕರೆಂಟಿನ ಕೆಲಸ ಓದಿದವನು. ಆವರೆಗೆ ಅಕ್ಕಿ ಗಿರಣಿಗಳಿಗೆ ಮೋಟಾರು ಕೂರಿಸಿದ್ದೆ, ಅಷ್ಟೆ. ಸಾವಿರಗಟ್ಟಲೆ ವೋಲ್ಟಿನ ಕೇಬಲ್ಲನ್ನು ನೀರು ಸೋರುವ ಬಾವಿಯೊಳಗೆ ತೂಗುಬಿಡಬೇಕೆಂದ ದಿನದಿಂದಲೇ ನನಗೆ ಅನ್ನ ಸೇರಲಿಲ್ಲ.

ಮಂಡ್ಯದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ದೊಡ್ಡ ಮರದ ಉರುಳೆಗಳಿಗೆ ಸುತ್ತಿದ ಎರಡು ಡ್ರಮ್ಮು ಕೇಬಲ್ಲು ಬಿದ್ದಿತ್ತು. ಮೂರನೆಯದು ಸಿಗುವ ಕಾಲವಲ್ಲ ಅದು, ಕೇಬಲ್ಲು ತರುವ ಹಡಗುಗಳೇ ಬರುತ್ತಿರಲಿಲ್ಲ. ಎರಡರ ಒಳಗೂ ಎಣ್ಣೆಯಲ್ಲಿ ನೆನೆಸಿದ ಕಾಗದ ಸುತ್ತಿದ ತಾಮ್ರ, ಅದರ ಮೇಲೆ ಸೀಸದ ಕವಚ. ಒಂದಕ್ಕೆ ಸೀಸದ ಮೇಲೆ ಉಕ್ಕಿನ ಪಟ್ಟಿ ಸುತ್ತಿತ್ತು. ಹೊಸದು, ಆದರೆ ನೆಲದಲ್ಲಿ ಹೂಳಲು ಮಾಡಿದ್ದು. ತೂಗುಬಿಟ್ಟರೆ ತನ್ನ ಭಾರಕ್ಕೆ ತಾನೇ ಜಗ್ಗಿ ಸೀಸ ಸೀಳಿಹೋಗುತ್ತದೆ. ಇನ್ನೊಂದಕ್ಕೆ ಒತ್ತೊತ್ತಾಗಿ ದಪ್ಪ ಉಕ್ಕಿನ ತಂತಿಗಳ ಕವಚ. ಭಾರ ಹೊರಲು ಅದೇ ಸರಿ. ಆದರೆ ಅದರ ತುದಿಯ ಮುಚ್ಚಳ ಒಡೆದು, ಮಳೆಯಲ್ಲಿ ನೆನೆದಿತ್ತು. ಕಾಗದಕ್ಕೆ ತೇವ ಸೇರಿದ್ದರೆ ಕರೆಂಟು ಬಿಟ್ಟ ಗಳಿಗೆಯಲ್ಲೇ ಕೇಬಲ್ಲು ಸಿಡಿಯುತ್ತದೆ, ಅದೂ ಜನ ನೀರಲ್ಲಿ ನಿಂತಿರುವ ಕಡೆ. ಯಾವುದನ್ನು ಆರಿಸಿದರೂ ಯಾರಾದರೂ ಸಾಯಬಹುದು ಅನ್ನಿಸಿತು.

ಸೀಸದ ಬೆಸುಗೆಗೆಂದು ಮದ್ದೂರಿನಿಂದ ಒಬ್ಬ ಸಾಬರು ನನ್ನ ಜೊತೆಗಿದ್ದರು. ನನಗಿಂತ ಬಹಳ ದೊಡ್ಡವರು, ತವರದ ಕೆಲಸದ ಮನೆತನ. "ತಂತೀದನ್ನೇ ತಕ್ಕಳವಾ ಗೌಡ್ರೇ. ತುದಿ ಕತ್ತರಿಸಿ ನೋಡವಾ" ಅಂದರು.

ಬಾಣಲೆಯಲ್ಲಿ ಮೇಣ ಕಾಯಿಸಿ, ತುದಿಯ ಕಾಗದದ ಚೂರು ಹಾಕಿದೆವು. ಚಟಚಟ ಎಂದು ನೊರೆ ಎದ್ದಿತು. ತೇವ. ಒಂದಷ್ಟು ಕತ್ತರಿಸಿ ಮತ್ತೆ ಹಾಕಿದೆವು. ಮತ್ತೆ ನೊರೆ. ಇನ್ನೊಂದು ಸಲ ಕತ್ತರಿಸಿದ ಮೇಲೆ ಉಳಿದ ಉದ್ದ ಬಾವಿಗೆ ಸರಿಯಾಗಿ ಸಾಲುವಷ್ಟೇ. ಚೂರನ್ನು ನಾನೇ ಹಾಕಿದೆ. ಚೂರು ಮುಳುಗಿತು, ಸದ್ದಿಲ್ಲ. ಸಾಬರು ಉಸಿರು ಬಿಟ್ಟು, "ತೇವ ಇಲ್ಲ ಕಣ್ ಗೌಡ್ರೇ" ಅಂದರು.

ಡ್ರಮ್ಮನ್ನು ಗಾಡಿಯಲ್ಲಿ ಗುಡ್ಡಕ್ಕೆ ಸಾಗಿಸಿ ಬಾವಿಯ ಬಾಯಲ್ಲಿ ಅಚ್ಚಿನ ಮೇಲೆ ನಿಲ್ಲಿಸಿದೆವು. ಅದು ತಾನಾಗಿ ತಿರುಗದಂತೆ ಆಳುಗಳು ಅಂಚಿಗೆ ಮರದ ದಿಮ್ಮಿ ಒತ್ತಿ ಹಿಡಿಯಬೇಕು. ಪಕ್ಕದಲ್ಲಿ ರಾಟೆಗೆ ತೂಗುಹಾಕಿದ ಕಬ್ಬಿಣದ ತೊಟ್ಟಿಯಲ್ಲಿ ನಾನು ದೀಪ, ಸುತ್ತಿಗೆ ಇಟ್ಟುಕೊಂಡು ನಿಂತು, ಕೇಬಲ್ಲಿನ ತುದಿಯ ಜೊತೆಜೊತೆಗೇ ಇಳಿಯುತ್ತ ಅದು ಬಂಡೆಗೆ ಉಜ್ಜದಂತೆ ನೋಡಬೇಕು. ಕೇಬಲ್ಲು ಇಳಿದಷ್ಟೂ ಅದರ ಭಾರ ಹೆಚ್ಚುತ್ತದೆ. ಅದು ನನಗೆ ಗೊತ್ತಿತ್ತು. ಕತ್ತೆತ್ತಿದರೆ ಬಾವಿಯ ಬಾಯಿ ತಟ್ಟೆಯಷ್ಟಾಗಿ, ಬಟ್ಟಲಷ್ಟಾಗಿ ಕಾಣುತ್ತಿತ್ತು.

ಅರ್ಧಕ್ಕಿಂತ ಕೆಳಗೆ ಹೋಗಿದ್ದೆ. ಮೇಲೆ ಏನೋ ಸೀಳಿದ ಸದ್ದು. ಆಮೇಲೆ ಕೂಗು.

"ಬುಡ್ಬ್ಯಾಡ್ರಲಾ! ಇಡ್ಕಳ್ರಲಾ!"

ನನ್ನ ಪಕ್ಕದ ಕೇಬಲ್ಲು ಒಮ್ಮೆಲೇ ಜೀವ ಬಂದಂತೆ ಕೆಳಕ್ಕೆ ಹರಿಯತೊಡಗಿತು. ಭುಜಕ್ಕೆ ಬಡಿದು ನನ್ನನ್ನು ತೊಟ್ಟಿಯೊಳಗೆ ಕೆಡವಿತು. ದೀಪ ನಂದಿತು. ಕತ್ತಲೆಯಲ್ಲಿ ತೊಟ್ಟಿ ಬಂಡೆಯಿಂದ ಬಂಡೆಗೆ ಢಿಕ್ಕಿ ಹೊಡೆಯುತ್ತಿತ್ತು. ಮಂಡಿಯಲ್ಲಿ ತಲೆ ಹುದುಗಿಸಿ ಅವ್ವನನ್ನು ಕರೆದೆ. ಬೇರೆ ಯಾರೂ ನೆನಪಿಗೆ ಬರಲಿಲ್ಲ. ಆಮೇಲೆ ಬಾವಿಯೆಲ್ಲ ನಡುಗುವಂತೆ ಒಂದು ಜಗ್ಗು. ಕೇಬಲ್ಲು ನಿಂತಿತು.

ಆ ಜಗ್ಗಿಗೆ ಅದು ತುಂಡಾಗಲಿಲ್ಲ. ಪಟ್ಟಿ ಸುತ್ತಿದ ಕೇಬಲ್ಲಾಗಿದ್ದರೆ ತುಂಡಾಗಿ ನನ್ನ ಮೇಲೇ ಬೀಳುತ್ತಿತ್ತು.

ಎಷ್ಟು ಹೊತ್ತು ಹಾಗೇ ಇದ್ದೆನೋ, ಯಾರೂ ನನ್ನನ್ನು ಮೇಲೆತ್ತಲಿಲ್ಲ. ಕೆಳಗೆ ನೀರು ತೊಟ್ಟಿಕ್ಕುವ ಸದ್ದು. ಕೇಬಲ್ಲು ಮತ್ತೆ ಹೊರಟರೆ? ಕೂಗಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಕೊನೆಗೆ ಗಣಿಯ ಮೇಸ್ತ್ರಿಯ ಕೂಗು ಕೇಳಿತು: "ಬದ್ಕಿದ್ದೀರಾ ಸ್ವಾಮೀ?" ನಾನು ಕೈಲಿದ್ದ ಸುತ್ತಿಗೆಯಿಂದ ತೊಟ್ಟಿಯನ್ನು ಬಡಿದೆ.

ಮೇಲೆ ಬಂದಾಗ ದಿಮ್ಮಿ ಎರಡು ಸೀಳಾಗಿ ಬಿದ್ದಿತ್ತು. ಡ್ರಮ್ಮಿನ ಪಕ್ಕೆಯಲ್ಲಿ ಒಂದು ಹಾರೆ ಬಾಗಿ ಸಿಕ್ಕಿಕೊಂಡಿತ್ತು. ಆಳುಗಳು ಹಾರಿ ದೂರ ಸರಿದಾಗ ಸಾಬರು ಅದನ್ನು ನುಗ್ಗಿಸಿ ತಡೆದಿದ್ದರು. ಈಗ ಬೆವರುತ್ತ ಕೂತಿದ್ದರು. ಬಲಗೈಗೆ ಸುತ್ತಿದ್ದ ಟವಲು ಕೆಂಪಾಗಿತ್ತು. ನನ್ನನ್ನು ನೋಡಿ, "ಮಕ ಬೆಳ್ಳಗಾಗ್ಬುಟ್ಟದೆ, ನೀರ್ ಕೊಡ್ರಲಾ ಅವ್ರಿಗೆ" ಅಂದರು.

ಮಳವಳ್ಳಿಯ ಆಸ್ಪತ್ರೆಯಲ್ಲಿ ಅವರ ಎರಡು ಬೆರಳು ತೆಗೆದರು. ಆ ಬೆರಳಿಂದಲೇ ಸೀಸದ ಬೆಸುಗೆಯನ್ನು ಬೆಣ್ಣೆಯಂತೆ ಸವರುತ್ತಿದ್ದ ಮನುಷ್ಯ. ಉಳಿದ ಕೇಬಲ್ಲನ್ನೂ ಇಳಿಸಿ ಬಂಡೆಗೆ ಬಿಗಿದ ಮೇಲೆ, ತಳದಲ್ಲಿ ಅದನ್ನು ಪಂಪಿಗೆ ಸೇರಿಸುವ ಬೆಸುಗೆ ಉಳಿಯಿತು. ಬೇರೆಯವರನ್ನು ಕರೆಸುತ್ತೇನೆ ಅಂದೆ. ಅವರು ಒಪ್ಪಲಿಲ್ಲ.

"ನಾನೂ ಇಳೀತೀನಿ. ನಿಮ್ ಕೈಲೇ ಮಾಡುಸ್ತೀನಿ."

"ನನಗೆ ಹೆದರಿಕೆ ಸಾಬ್ರೇ. ಮತ್ತೆ ಆ ತೊಟ್ಟಿ ಹತ್ತಲಾರೆ."

"ನಂಗಿಲ್ವಾ? ಇಬ್ರೂ ಎದ್ರುಕೊಂಡೇ ಓಗವಾ, ಬನ್ನಿ."

ಇಳಿಯುವಾಗ ಎಡಗೈಯಲ್ಲಿ ನನ್ನ ತೋಳು ಹಿಡಿದಿದ್ದರು. ಕೆಳಗೆ ಕಾದ ಬೆಸುಗೆಯನ್ನು ಸೀಸದ ಮೇಲೆ ಸುರಿದು, ಅವರು ಹೇಳಿದಂತೆ ಕೊಬ್ಬು ಸವರಿದ ಬಟ್ಟೆಯಿಂದ ಒರೆಸಿದೆ. ಎರಡು ಸಲ ಕೆಟ್ಟಿತು. ಮೂರನೆಯ ಸಲ ಅವರು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿ, "ಚೆಂದಾಗಿಲ್ಲ, ಆದ್ರೆ ನೀರು ಒಳಕ್ಕೋಗಲ್ಲ" ಅಂದರು.

ಕರೆಂಟು ಬಿಟ್ಟ ದಿನ ಎಲ್ಲರನ್ನೂ ಮೇಲೆ ಕರೆಸಿ ನಾನೇ ಸ್ವಿಚ್ಚು ಹಾಕಿದೆ. ಹಾಕುವಾಗ ಕಣ್ಣು ಮುಚ್ಚಿದ್ದೆ. ಸಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕೊಳವೆ ಕೆಮ್ಮಿ ಕೆಸರುನೀರು ಕಾರಿತು. ಆಳುಗಳು ಕೇಕೆ ಹಾಕಿದರು. ನಾನು ಬೇವಿನ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಯುದ್ಧ ಮುಗಿದ ಮೇಲೆ ಆ ಗಣಿಯನ್ನು ಮತ್ತೆ ಮುಚ್ಚಿದರು. ಸಾಬರು ಎಡಗೈಯಲ್ಲಿ ಬೆಸುಗೆ ಕಲಿತು ಮದ್ದೂರಿನಲ್ಲಿ ಅಂಗಡಿ ಇಟ್ಟರು, ಚೆನ್ನಾಗಿಯೇ ನಡೆಯಿತು. ನಾನು ಮಂಡ್ಯದಲ್ಲೇ ಇದ್ದೆ. ಹಿತ್ತಲ ಬಾವಿಯಲ್ಲಿ ನನ್ನ ಹೆಂಡತಿ ನೀರು ಸೇದುವಾಗ ಹಗ್ಗ ಜಾರಿ ಬಿಂದಿಗೆ ಸರ್ರನೆ ಕೆಳಗಿಳಿದರೆ, ಒಳಗೆ ಕೂತಿದ್ದವನು ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮೊದಮೊದಲು ಅವಳು, "ಬಿಂದ್ಗೆ ಕಣ್ರೀ, ಬರೀ ಬಿಂದ್ಗೆ" ಎಂದು ನಗುತ್ತಿದ್ದಳು. ಆಮೇಲಾಮೇಲೆ ನಾನು ಮನೆಯಲ್ಲಿಲ್ಲದಾಗಲೇ ನೀರು ಸೇದಿಡತೊಡಗಿದಳು.