ಸುಗಂಧಾ ಬೆಂಚು ಬಿಟ್ಟೇಳಲಿಲ್ಲ

ನಮ್ಮ ಶಾಲೆಯಲ್ಲಿ ನಾನು ಮಕ್ಕಳಿಗೆ ಖಿಚಡಿ ಬೇಯಿಸುತ್ತೇನೆ. ಸುಗಂಧಾ ವಾಘಮೋಡೆ ಸಿಪಾಯಿ. ಹನ್ನೆರಡು ವರ್ಷಗಳಿಂದ ಹೆಡ್‌ಮಾಸ್ತರರಿಂದ ಹಿಡಿದು ಐದನೆಯ ತರಗತಿಯ ಮಕ್ಕಳವರೆಗೆ ಎಲ್ಲರಿಗೂ ಅವಳು ‘ಮಾವಶಿ’, ಅಂದರೆ ಚಿಕ್ಕಮ್ಮ. ಯಾರು ಕರೆದರೂ ಓಡುತ್ತಾಳೆ.

ಅವಳು ಕಲಿತದ್ದೂ ಇದೇ ಶಾಲೆಯಲ್ಲಿ. ಹತ್ತನೆಯ ತರಗತಿಯ ಕೋಣೆ ಗುಡಿಸುತ್ತ ಕಿಟಕಿಯ ಪಕ್ಕದ ಬೆಂಚಿಗೆ ಬಂದಾಗ ಅವಳ ಕೈ ನಿಧಾನವಾಗುತ್ತದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತ ನನಗೆ, ನಾನು ಕೇಳದಿದ್ದರೂ, ಹೇಳುತ್ತಾಳೆ.

“ಆಜೀ, ಇಲ್ಲೇ ಕುಂತಿದ್ದೆ ನೋಡ್ರಿ. ಬೋರ್ಡ್ ಪರೀಕ್ಷೆಗೆ ಒಂದ ತಿಂಗಳಿತ್ತು. ಶಾಲಿಯೊಳಗಿನ ಪರೀಕ್ಷೆ, ರೇಖಾಗಣಿತದ ಪೇಪರು. ಅರ್ಧಾ ಬರದಿದ್ದೆ. ಮಾಮಾ ಕಿಟಕ್ಯಾಗ ಬಂದು ನಿಂತ. ‘ನಿನ್ನ ನೋಡಾಕ ಮಂದಿ ಬಂದಾರ, ಅವಲಕ್ಕಿ ಪೋಹೆ ಕೊಡಾಕ ನಡಿ’ ಅಂದ. ಎದ್ದಬಿಟ್ಟೆ.”

“ಮಾಸ್ತರು ಏನೂ ಅನ್ಲಿಲ್ಲೇನು?”

“‘ಹೋಗಿ ಲಗೂ ಬಾ’ ಅಂದ್ರು. ಬಂದದ್ದು ಕಸಬರಿಗಿ ಹಿಡಕೊಂಡ!” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ಮಾಮಾ ಕರದದ್ದು ತಪ್ಪಲ್ಲ ಆಜೀ. ನಾ ಎದ್ದದ್ದು ತಪ್ಪು.”

ಹೋದ ವರ್ಷ, ನಲವತ್ತೆರಡು ತುಂಬಿದ ಮೇಲೆ, ಹೊರಗಿನಿಂದ ಹತ್ತನೆಯ ಬೋರ್ಡ್ ಪರೀಕ್ಷೆಗೆ ಕೂರುವವರು ತುಂಬುವ ಹದಿನೇಳು ನಂಬರಿನ ಫಾರ್ಮ್ ಕೇಳಿದಳು. ಗುಮಾಸ್ತ ತಾಂಬೆ ಕನ್ನಡಕ ಇಳಿಸಿದ.

“ಪಾಸಾಗಿ ಏನ ಕಲೆಕ್ಟರ್ ಆಗ್ತಿಯೇನ ಮಾವಶಿ?”

“ಆದ್ರ ಮೊದಲ ನಿಮ್ಮನ್ನ ವರ್ಗಾ ಮಾಡಸ್ತೀನಿ ಸಾಹೇಬ್ರ. ಕೊಡ್ರಿ.”

ಶಾಲೆ ಬಿಟ್ಟ ಮೇಲೆ ವರಾಂಡದ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು ನನಗೆ ಪ್ರಮೇಯ ಹೇಳುತ್ತಿದ್ದಳು. ನನ್ನ ಓದು ನಾಲ್ಕನೆಯ ತರಗತಿಗೇ ಮುಗಿದಿತ್ತು. ಆದರೂ ಅವಳು ಎಲ್ಲಿ ಬಾಯಿಪಾಠ ಒಪ್ಪಿಸುತ್ತಾಳೆ, ಎಲ್ಲಿ ತಿಳಿದು ಹೇಳುತ್ತಾಳೆ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. “ಮತ್ತೊಮ್ಮೆ ಹೇಳವಾ” ಅನ್ನುತ್ತಿದ್ದೆ. ಒರೆಸಿ ಮತ್ತೆ ಬರೆಯುತ್ತಿದ್ದಳು.

ಮಾರ್ಚಿನಲ್ಲಿ ನಮ್ಮ ಶಾಲೆಯೇ ಪರೀಕ್ಷಾ ಕೇಂದ್ರ. ಅವಳು ರಜೆ ಹಾಕಿ ಹುಡುಗಿಯರ ನಡುವೆ ಕೂತಳು. ನೀರು ಕೊಡುವ ಕೆಲಸ ನನ್ನದು. ರೇಖಾಗಣಿತದ ದಿನ ಇನ್ನು ಅರ್ಧ ಗಂಟೆ ಇದ್ದಾಗ ಪಕ್ಕದ ಕೋಣೆಯಲ್ಲಿ ಉತ್ತರ ಬರೆಯುವ ಹೆಚ್ಚುವರಿ ಹಾಳೆಗಳು ಮುಗಿದವು. ಹೆಡ್‌ಮಾಸ್ತರ್ ಲವೇಕರ ಸರ್ ಧಾವಿಸಿ ಬಂದವರೇ ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ರೂಢಿಯಂತೆ ಕೂಗಿದರು:

“ಮಾವಶಿ, ಆಫೀಸಿಂದ ಹಾಳಿ ಕಟ್ಟ ತಗೊಂಡ ಬಾ, ಲಗೂ!”

ಸುಗಂಧಾ ಅರ್ಧ ಎದ್ದೇಬಿಟ್ಟಿದ್ದಳು. ಒಂದು ಕಾಲು ಬೆಂಚಿನಿಂದ ಹೊರಗೆ ಬಂದಿತ್ತು. ಹೊರಗೆ ಹೋದರೆ ಪೇಪರು ಅಲ್ಲಿಗೇ ಮುಗಿಯಿತು. ತಂಬಿಗೆ ಹಿಡಿದು ನಿಂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕಾಲು ಒಳಗೆಳೆದುಕೊಂಡು ಕೂತಳು.

“ಸರ್, ನಾ ಇವತ್ತ ಏಳಾಂಗಿಲ್ರಿ. ಪ್ರಮೇಯ ಬಾಕಿ ಐತಿ.”

ಹುಡುಗಿಯರು ಕಿಸಕ್ಕೆಂದರು. ಸರ್ ನಾಲಿಗೆ ಕಚ್ಚಿಕೊಂಡರು. “ಬರಿ ತಾಯಿ, ಬರಿ” ಎಂದು ತಾವೇ ಆಫೀಸಿನ ಕಡೆ ಓಡಿದರು. ಸುಗಂಧಾ ತಲೆ ಎತ್ತಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ಗಣಿತ ಪಾಸು. ಇಂಗ್ಲಿಷಿನಲ್ಲಿ ಆರು ಅಂಕ ಕಡಿಮೆ.

“ಮುಗೀತಲ್ಲ ಹುಚ್ಚು?” ಎಂದ ತಾಂಬೆ.

“ಒಂದ ವಿಷಯ ಉಳದೈತಿ. ಜುಲೈ ಪರೀಕ್ಷೆ ಫಾರ್ಮ್ ತುಂಬ್ರಿ.”

“ನಾಳೆ ನೋಡೋಣು.”

“ಇವತ್ತ ತುಂಬ್ರಿ ಸಾಹೇಬ್ರ. ನಾ ನಿಂತಿರ್ತೀನಿ.”

ನಿಂತಳು. ಅವನು ತುಂಬಿದ.